ಭದ್ರಾವತಿಯ ಜಮ್ಶೆಡ್‌ಪುರ, ಎನ್.ಆರ್. ಪುರದ ಕೊಚ್ಚಿ

ಶುಕ್ರವಾರ, ಏಪ್ರಿಲ್ 11, 2025

ಸೋಮವಾರ ಅಂಬೇಡ್ಕರ್ ಜಯಂತಿಯ ರಜೆ. ಇಂಥ ರಜೆ ಶನಿವಾರ-ಭಾನುವಾರಕ್ಕೆ ಅಂಟಿಕೊಂಡು ಬಂದರೆ ಬೆಂಗಳೂರಿನ ಕಾರುಗಳೆಲ್ಲ ಜೋಗ, ಸಾಗರ, ಸಿಗಂದೂರಿನ ಕಡೆ ಮುಖ ಮಾಡುತ್ತವೆ. ಶಿವಮೊಗ್ಗದಲ್ಲೇ ಹುಟ್ಟಿ ಬೆಳೆದವನಿಗೆ ಆ ಗಲಾಟೆಯೊಳಗೆ ಹೋಗಿ ಸೇರಿಕೊಳ್ಳುವ ದರ್ದು ಏನಿದೆ? ಭದ್ರಾವತಿ, ಎನ್.ಆರ್. ಪುರ, ಕೊಪ್ಪ, ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಅಂತ ಒಂದು ಸುತ್ತು ಹಾಕಿ ಬರೋಣ ಎಂದು ಹೊರಟೆ. ಜೊತೆಗೆ ಅಕ್ಕನ ಮಗ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಮನೆಯಲ್ಲಿ ಕೂತು ಅವನಿಗೂ ಸಾಕಾಗಿತ್ತು, ಅವನನ್ನು ನೋಡಿ ನೋಡಿ ಅಕ್ಕನಿಗೂ ಸಾಕಾಗಿತ್ತು.

ಹುಡುಗನದು ಒಂದೇ ಷರತ್ತು. "ಮಾವ, ನಾಳೆ ರಾತ್ರಿ ಏಳೂವರೆಗೆ ಎಲ್ಲೇ ಇದ್ರೂ ಅಲ್ಲಿ ಟಿವಿ ಇರ್ಬೇಕು." ಶನಿವಾರ ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫುಟ್ಬಾಲಿನ ಫೈನಲ್. ಮೋಹನ್ ಬಗಾನ್ ಎದುರು ಬೆಂಗಳೂರು ಎಫ್‌ಸಿ. ಅವನು ಆಗಲೇ ನೀಲಿ ಜೆರ್ಸಿ ತೊಟ್ಟು ಕಾರು ಹತ್ತಿದ್ದ. ಬೆನ್ನ ಮೇಲೆ ಸುನಿಲ್ ಚೆಟ್ರಿಯ ನಂಬರು, 11.

ಭದ್ರಾವತಿ ನಮಗೆ ಅರ್ಧ ಗಂಟೆಯ ದಾರಿ. ಅದನ್ನು ಯಾರೂ ಪ್ರವಾಸ ಅನ್ನುವುದಿಲ್ಲ. ಆದರೂ ಮೊದಲ ರಾತ್ರಿ ಅಲ್ಲೇ ಉಳಿದದ್ದು ಚಿಕ್ಕಪ್ಪನಿಗಾಗಿ. ಕಬ್ಬಿಣದ ಕಾರ್ಖಾನೆಯಲ್ಲಿ ಮೂರು ಶಿಫ್ಟಿನ ಕೆಲಸ ಮಾಡಿ ನಿವೃತ್ತರಾದವರು, ನ್ಯೂ ಟೌನ್ ಹತ್ತಿರ ಮನೆ. ಚಿಕ್ಕಮ್ಮ ಮಗಳ ಬಾಣಂತನಕ್ಕೆ ಹೋಗಿದ್ದರಿಂದ ಅಡುಗೆಮನೆಯಲ್ಲಿ ಅನ್ನ, ಸಾರು, ಹಪ್ಪಳ ಮೂರೇ ಇತ್ತು.

ಹುಡುಗನ ಜೆರ್ಸಿ ನೋಡಿದವರೇ, "ಇದು ಯಾವ ಫ್ಯಾಕ್ಟರಿ ಟೀಮೋ?" ಅಂದರು. ತಮಾಷೆಗಲ್ಲ. ಅವರ ಲೆಕ್ಕದಲ್ಲಿ ಫುಟ್ಬಾಲ್ ತಂಡ ಅಂದರೆ ಅದರ ಹಿಂದೆ ಒಂದು ಕಾರ್ಖಾನೆ ಇರಲೇಬೇಕು. 1996-97ರಲ್ಲಿ ರಾಷ್ಟ್ರೀಯ ಫುಟ್ಬಾಲ್ ಲೀಗ್ ಶುರುವಾದಾಗ ಮೊದಲ ಚಾಂಪಿಯನ್ ಆದದ್ದು ಪಂಜಾಬಿನ ಫಗ್ವಾಡದ ಜೆಸಿಟಿ, ಬಟ್ಟೆ ಗಿರಣಿಯ ತಂಡ. ವಿಜಯನ್, ಬೈಚುಂಗ್ ಭುಟಿಯಾ ಇಬ್ಬರೂ ಅದರಲ್ಲೇ ಆಡುತ್ತಿದ್ದರು. ಬೆಂಗಳೂರಿನಿಂದ ಹೋಗುತ್ತಿದ್ದದ್ದು ಐಟಿಐ, ಎಚ್‌ಎಎಲ್. 2007ರಲ್ಲಿ ಅದೇ ಲೀಗು ಐ-ಲೀಗ್ ಆಯಿತು. ಮಹೀಂದ್ರಾ ತಂಡ 2010ರಲ್ಲಿ ಮುಚ್ಚಿತು, ಮರುವರ್ಷ ಜೆಸಿಟಿ ಮುಚ್ಚಿತು, 2012ರಲ್ಲಿ ಎಚ್‌ಎಎಲ್ ಕೆಳಗಿನ ದರ್ಜೆಗೆ ಇಳಿಯಿತು. ಚಿಕ್ಕಪ್ಪ ಈ ಹೆಸರುಗಳನ್ನು ತೀರಿಕೊಂಡ ನೆಂಟರ ಪಟ್ಟಿ ಓದಿದ ಹಾಗೆ ಹೇಳಿ ಮುಗಿಸಿದರು.

"ಇದೂ ಫ್ಯಾಕ್ಟರಿ ಟೀಮೇ ಅಜ್ಜ, ಜೆಎಸ್‌ಡಬ್ಲ್ಯೂ ಅವ್ರದ್ದು," ಅಂದ ಹುಡುಗ.

"ತೋರಣಗಲ್ಲಿನವ್ರಾ? ಹಾಗಾದ್ರೆ ಉಕ್ಕು. ಅಡ್ಡಿಲ್ಲ."

ಚಿಕ್ಕಪ್ಪನ ತಂಡ ಯಾವುದು ಅಂತ ನನಗೆ ಗೊತ್ತಾದದ್ದು ಅವತ್ತೇ. ಜಮ್ಶೆಡ್‌ಪುರ! ಕನ್ನಡ, ತಮಿಳು, ತೆಲುಗು ಬಿಟ್ಟು ಬೇರೆ ಭಾಷೆ ಕಿವಿಗೆ ಬಿದ್ದರೆ ಚಾನೆಲ್ ಬದಲಿಸುವ ಮನುಷ್ಯ, ಜಾರ್ಖಂಡಿನ ತಂಡದ ಪಂದ್ಯವನ್ನು ಒಂದೂ ಬಿಡದೆ ನೋಡುತ್ತಾರೆ. ಕಾರಣ ಸರಳ: ಅದು ಟಾಟಾ ಸ್ಟೀಲ್ ತಂಡ, ಅದು ಉಕ್ಕಿನ ಊರು. ಅಲ್ಲಿ 1987ರಲ್ಲೇ ಟಾಟಾ ಫುಟ್ಬಾಲ್ ಅಕಾಡೆಮಿ ಮಾಡಿದರು, 2017ರಲ್ಲಿ ಐಎಸ್‌ಎಲ್‌ಗೆ ತಂಡ ಇಳಿಸಿದರು, 2021-22ರಲ್ಲಿ ಲೀಗ್ ಹಂತದಲ್ಲಿ ಎಲ್ಲರಿಗಿಂತ ಮೇಲೆ ನಿಂತು ಶೀಲ್ಡ್ ಗೆದ್ದರು. ನಮ್ಮ ಕಾರ್ಖಾನೆ 1923ರಲ್ಲಿ ಶುರುವಾದದ್ದು. 2023ರ ಜನವರಿಯಲ್ಲಿ, ಸರಿಯಾಗಿ ನೂರನೇ ವರ್ಷಕ್ಕೆ, ಮುಚ್ಚುವ ತೀರ್ಮಾನ ಬಂತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಈ ಎರಡು ಊರನ್ನು ಪಕ್ಕಪಕ್ಕ ಇಟ್ಟು ನೋಡುವುದು ಚಿಕ್ಕಪ್ಪನಿಗೆ ಚಟವಾಗಿಬಿಟ್ಟಿದೆ. ಶಿಫ್ಟು ಬಿಟ್ಟು ಬಂದು ಕಾಲೋನಿಯ ಮೈದಾನದಲ್ಲಿ ಒದ್ದಾಡುತ್ತಿದ್ದ ದಿನಗಳ ಬಗ್ಗೆ ಮಾತ್ರ ಹೆಚ್ಚು ಹೇಳಲಿಲ್ಲ. ಮೊಣಕಾಲು ತೋರಿಸಿದರು, ಅಷ್ಟೆ.

ನಾಲ್ಕು ದಿನದ ಹಿಂದಷ್ಟೇ, ಸೋಮವಾರ, ಅವರ ಜಮ್ಶೆಡ್‌ಪುರ ಸೆಮಿಫೈನಲ್‌ನಲ್ಲಿ ಸೋತಿತ್ತು. ತವರಿನಲ್ಲಿ 2-1ರಿಂದ ಗೆದ್ದು ಹೋಗಿ, ಕೋಲ್ಕತ್ತದಲ್ಲಿ ಇಂಜುರಿ ಟೈಮಿನಲ್ಲಿ ಬಗಾನ್‌ನ ಅಪುಯಿಯಾ ಹೊಡೆದ ಗೋಲಿಗೆ ಮನೆಗೆ ಬಂದರು. ಹಾಗಾಗಿ ಫೈನಲ್‌ನಲ್ಲಿ ಚಿಕ್ಕಪ್ಪ ಬೆಂಗಳೂರಿನ ಪರ. ಪ್ರೀತಿಗಲ್ಲ, ಬಗಾನ್ ಮೇಲಿನ ಸಿಟ್ಟಿಗೆ. "ನಾನೂ ಬರ್ತೀನಿ ಕಣೋ, ಒಬ್ನೇ ಕೂತು ಎಂತ ನೋಡೋದು," ಅಂತ ರಾತ್ರಿಯೇ ಬ್ಯಾಗು ತುಂಬಿಕೊಂಡರು.

ಶನಿವಾರ, ಏಪ್ರಿಲ್ 12

ಉಂಬ್ಳೇಬೈಲಿನ ದಾರಿ ಬೆಳಗ್ಗೆ ಹತ್ತರೊಳಗೆ ಹೋದರೆ ಚಂದ. ತೇಗ, ಬಿದಿರು, ಎಲೆ ಉದುರಿಸಿ ಮತ್ತೆ ಚಿಗುರುವ ಕಾಡು. ಮುತ್ತಿನಕೊಪ್ಪದಲ್ಲಿ ಇಡ್ಲಿ ತಿಂದು, ಭದ್ರಾ ಹಿನ್ನೀರು ತಳ ಕಾಣುವಷ್ಟು ಇಳಿದ ಕಡೆ ಸ್ವಲ್ಪ ಹೊತ್ತು ನಿಂತು, ಮಧ್ಯಾಹ್ನದ ಹೊತ್ತಿಗೆ ಎನ್.ಆರ್. ಪುರದ ಹೊರಗಿನ ಗೆಳೆಯನ ತೋಟ ಸೇರಿದೆವು.

ಗೆಳೆಯ ಶಿವಮೊಗ್ಗದಲ್ಲಿ ನನ್ನ ಜೊತೆ ಓದಿದವನು. ಅಜ್ಜನ ಕಾಲದಲ್ಲಿ ಕೋಟ್ಟಯಂ ಕಡೆಯಿಂದ ಜಮೀನು ಹುಡುಕಿಕೊಂಡು ಬಂದು ಇಲ್ಲಿ ನಿಂತ ಕುಟುಂಬ. ಈ ತಾಲ್ಲೂಕಿನಲ್ಲಿ ಅಂಥ ಮನೆಗಳು ಬೇಕಾದಷ್ಟಿವೆ. ಒಳಗೆ ಮಲಯಾಳ, ಹೊರಗೆ ಅಚ್ಚ ಮಲೆನಾಡು ಕನ್ನಡ, ಸುತ್ತ ರಬ್ಬರ್, ಅಡಿಕೆ, ಕಾಳುಮೆಣಸು. ರಬ್ಬರ್ ಮರಗಳು ಆಗಷ್ಟೇ ಹೊಸ ಎಲೆ ಬಿಟ್ಟಿದ್ದವು, ಟ್ಯಾಪಿಂಗ್ ನಿಲ್ಲಿಸಿದ್ದರು. ಗೇಟಿನ ಹತ್ತಿರ ಅವನು ಹಳದಿ ಜೆರ್ಸಿಯಲ್ಲಿ ನಿಂತಿದ್ದ. ಕೇರಳ ಬ್ಲಾಸ್ಟರ್ಸ್. ಅವರ ತಂಡ ಆ ವರ್ಷ ಪ್ಲೇ-ಆಫ್‌ಗೂ ಬಂದಿರಲಿಲ್ಲ.

"ನಿಮ್ ಟೀಮ್ ಸೋಲೋದನ್ನ ನಮ್ ಮನೇಲೇ ಕೂತು ನೋಡ್ಬೇಕು ಅಂತ್ಲೇ ಕರೆದಿದ್ದು ಮಾರಾಯ," ಅಂದ. ಹುಡುಗ ನಗಲಿಲ್ಲ.

ಬ್ಲಾಸ್ಟರ್ಸ್ ಕಥೆ ಗೊತ್ತಿಲ್ಲದವರಿಗೆ ಈ ಹಳದಿಯ ಹಟ ಅರ್ಥವಾಗದು. 2014ರಲ್ಲಿ ಎಂಟು ತಂಡಗಳಿಂದ ಐಎಸ್‌ಎಲ್ ಆರಂಭವಾದಾಗ ಮೊದಲ ಫೈನಲ್ ಆಡಿದ್ದು ಅವರು. ಕೊನೇ ಗಳಿಗೆಯಲ್ಲಿ ರಫೀಕ್ ಹೊಡೆದ ಗೋಲಿನಿಂದ ಕೋಲ್ಕತ್ತ ಗೆದ್ದಿತು. 2016ರಲ್ಲಿ ಕೊಚ್ಚಿಯಲ್ಲೇ ಫೈನಲ್, ಮತ್ತೆ ಕೋಲ್ಕತ್ತಕ್ಕೆ ಪೆನಾಲ್ಟಿಯಲ್ಲಿ ಸೋಲು. 2022ರಲ್ಲಿ ಹೈದರಾಬಾದಿಗೆ, ಅದೂ ಪೆನಾಲ್ಟಿಯಲ್ಲಿ. ಕಪ್ಪು ಒಂದೂ ಇಲ್ಲ, ಜನ ಮಾತ್ರ ಕಡಿಮೆಯಾಗುವುದಿಲ್ಲ. ಗೆದ್ದವರ ಹಿಂದೆ ಹೋಗುವುದರಲ್ಲಿ ಏನು ದೊಡ್ಡಸ್ತಿಕೆ ಅನ್ನುವುದು ಗೆಳೆಯನ ವಾದ. ಆರ್‌ಸಿಬಿ ಅಭಿಮಾನಿಗಳ ಊರಿನಿಂದ ಹೋದ ನಾನು ಇದಕ್ಕೆ ಎದುರು ಮಾತಾಡುವ ಹಾಗಿರಲಿಲ್ಲ.

ಊಟಕ್ಕೆ ಮರಗೆಣಸು, ಮೀನು ಸಾರು. ಚಿಕ್ಕಪ್ಪನಿಗೆ ಬೇರೆ ಪಾತ್ರೆಯಲ್ಲಿ ಗುಜ್ಜೆ ಪಲ್ಯ. ಬಡಿಸುತ್ತಲೇ ಗೆಳೆಯ ನಾನು ಕಾಯುತ್ತಿದ್ದ ವಿಷಯಕ್ಕೆ ಬಂದ: 2023ರ ಮಾರ್ಚ್ 3. ಕಂಠೀರವದಲ್ಲಿ ಪ್ಲೇ-ಆಫ್ ಪಂದ್ಯ, ಹೆಚ್ಚುವರಿ ಸಮಯ, ಬೆಂಗಳೂರಿಗೆ ಫ್ರೀ ಕಿಕ್. ಬ್ಲಾಸ್ಟರ್ಸ್ ಆಟಗಾರರು ಗೋಡೆ ಕಟ್ಟುವ ಮೊದಲೇ ಚೆಟ್ರಿ ಚೆಂಡನ್ನು ಬಲೆಗೆ ಕಳಿಸಿದ. ರೆಫರಿ ಗೋಲು ಕೊಟ್ಟರು. ಕೋಚ್ ವುಕೊಮನೊವಿಚ್ ಹುಡುಗರನ್ನೆಲ್ಲ ಕರೆದುಕೊಂಡು ಮೈದಾನದಿಂದ ಹೊರಟೇಹೋದರು. ಆಮೇಲೆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚಿಗೆ 10 ಪಂದ್ಯದ ನಿಷೇಧ.

"ಕಳ್ಳತನ," ಅಂದ ಗೆಳೆಯ.

"ವಿಸಿಲ್ ಬೇಕು ಅಂತ ಕೇಳದಿದ್ರೆ ಹೊಡೀಬಹುದು, ರೂಲ್ಸ್ ಇದೆ," ಅಂದ ಹುಡುಗ.

ನನಗೆ ನಿಯಮಕ್ಕಿಂತ ಹೆಚ್ಚಾಗಿ ನೆನಪಾಗುವುದು ಅದರ ಮರುದಿನ. ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಅನ್ನುವ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ ಅದೇ ಮೊದಲು. ಐವತ್ನಾಲ್ಕು ವರ್ಷ! ಅವತ್ತು ನನ್ನ ಫೋನಿಗೆ ಬಂದ ಫುಟ್ಬಾಲ್ ಸಂದೇಶಗಳಲ್ಲಿ ಹತ್ತಕ್ಕೆ ಒಂಬತ್ತು ಆ ಫ್ರೀ ಕಿಕ್ಕಿನ ಜಗಳ. ರಾಜ್ಯಕ್ಕೆ ಬಂದ ಕಪ್ಪಿನ ಬಗ್ಗೆ ಚಿಕ್ಕಪ್ಪ ಒಬ್ಬರೇ ಫೋನ್ ಮಾಡಿದ್ದರು. ಐಎಸ್‌ಎಲ್ ಬಂದಮೇಲೆ ಫುಟ್ಬಾಲ್ ನೋಡುವವರು ಹೆಚ್ಚಾದರು, ನಿಜ. ಆದರೆ ಕಣ್ಣೆಲ್ಲ ಒಂದೇ ಕಿಟಕಿಯ ಕಡೆ ತಿರುಗಿಬಿಟ್ಟಿತು ಅಂತ ನನಗೆ ಅನ್ನಿಸುವುದು ಇಂಥದ್ದಕ್ಕೇ.

ಏಳೂವರೆ. ಜಗಲಿಯಿಂದ ಒಳಗಿನ ಹಜಾರಕ್ಕೆ ಕುರ್ಚಿಗಳು ಬಂದವು. ಗೆಳೆಯನ ತಾಯಿ ಅಮ್ಮಚ್ಚಿ ಜಪಮಾಲೆ ಹಿಡಿದು ಮೂಲೆಯ ಬೆತ್ತದ ಕುರ್ಚಿಯಲ್ಲಿ ಕೂತರು. ಪಕ್ಕದ ಮನೆಯ ಇಬ್ಬರು ಹುಡುಗರು ಐಪಿಎಲ್ ಹಾಕ್ತೀರಾ ಅಂತ ಇಣುಕಿ, ಇಲ್ಲ ಅಂದಮೇಲೆ ಹೋದರು. ಹೈದರಾಬಾದಿನಲ್ಲಿ ಅಭಿಷೇಕ್ ಶರ್ಮಾ 141 ಹೊಡೆದ ರಾತ್ರಿ ಅದು. ಅವರು ಕಳಕೊಂಡದ್ದೇನೂ ಇಲ್ಲ.

ಲೀಗ್ ಹಂತದಲ್ಲಿ ಬಗಾನ್ 24 ಪಂದ್ಯಕ್ಕೆ 56 ಅಂಕ ಗಳಿಸಿ ಶೀಲ್ಡ್ ಗೆದ್ದಾಗಿತ್ತು. ಬೆಂಗಳೂರು 38 ಅಂಕದೊಂದಿಗೆ ಮೂರನೆಯದು. ಆದರೂ ನಾಕೌಟ್‌ನಲ್ಲಿ ಮುಂಬೈ ಸಿಟಿಗೆ 5-0 ಹೊಡೆದು, ಸೆಮಿಯಲ್ಲಿ ಗೋವಾ ಮುಂದೆ ಇನ್ನೇನು ಎಕ್ಸ್‌ಟ್ರಾ ಟೈಮ್ ಅನ್ನುವಾಗ ನಲವತ್ತು ವಯಸ್ಸಿನ ಚೆಟ್ರಿ ತಲೆ ಕೊಟ್ಟು ಗೋಲು ಮಾಡಿ, ಇಲ್ಲಿವರೆಗೆ ಬಂದಿದ್ದರು.

ಮೊದಲರ್ಧ ಖಾಲಿ. ಎರಡನೆಯರ್ಧ ಶುರುವಾಗಿ ನಾಲ್ಕು ನಿಮಿಷಕ್ಕೆ ರಯಾನ್ ವಿಲಿಯಮ್ಸ್ ಪಕ್ಕದಿಂದ ಹಾಕಿದ ಚೆಂಡನ್ನು ದೂರ ಒದೆಯಲು ಹೋದ ಬಗಾನ್ ಡಿಫೆಂಡರ್ ಆಲ್ಬರ್ಟೊ ತನ್ನ ಬಲೆಗೇ ಹಾಕಿದ. ಹುಡುಗ ಅಂಗಳಕ್ಕೆ ಓಡಿ ಒಂದು ಸುತ್ತು ಬಂದ. ಚಿಕ್ಕಪ್ಪ ಮೊಣಕಾಲು ಮರೆತು ಎದ್ದು ನಿಂತಿದ್ದರು.

ಅವನು ಅಂಗಳದಿಂದ ಬರುವಾಗಲೇ ತಲೆ ಮೇಲೆ ಹನಿ. ರೇವತಿ ಮಳೆ. ಗುಡುಗು ಬಂತು, ಡಿಶ್ಶಿನ ಚಿತ್ರ ಚೌಕ ಚೌಕವಾಗಿ ಒಡೆಯಿತು, ಕರೆಂಟ್ ಹೋಯಿತು. ಮಲೆನಾಡಿನಲ್ಲಿ ಇದಕ್ಕೆ ಯಾರೂ ಗಾಬರಿಯಾಗುವುದಿಲ್ಲ. "ಸ್ಮೋಕ್‌ಹೌಸ್ ಹತ್ರ ಸಿಗ್ನಲ್ ಬರುತ್ತೆ," ಅಂತ ಗೆಳೆಯ ಟಾರ್ಚು ಹಿಡಿದು ಹೊರಟ. ರಬ್ಬರ್ ಹಾಳೆ ಒಣಗಿಸುವ ಹೊಗೆಮನೆ ಅದು. ಹೊರಗಿನ ಮಾಡಿನ ಕೆಳಗೆ ಹಾಳೆ ಒತ್ತುವ ರೋಲರ್ ಮೆಷಿನ್. ಅದರ ಎರಡು ಉರುಳೆಗಳ ನಡುವಿನ ಸಂದಿಗೆ ಫೋನನ್ನು ಅಡ್ಡ ಸಿಕ್ಕಿಸಿದರೆ ಎರಡು ಕಡ್ಡಿ ಸಿಗ್ನಲ್. ಅಲ್ಲಾಡಿಸಿದರೆ ಅದೂ ಇಲ್ಲ. ಹೊಗೆ, ಹುಳಿ ರಬ್ಬರಿನ ವಾಸನೆಯಲ್ಲಿ ಐದು ತಲೆಗಳು ಆರಿಂಚಿನ ಪರದೆಗೆ ಬಗ್ಗಿದವು. ಅಮ್ಮಚ್ಚಿಯೂ ಕೊಡೆ ಹಿಡಿದು ಬಂದಿದ್ದರು.

ಚಿತ್ರ ಮೂಡಿದಾಗ ಬಗಾನ್ ಆಟಗಾರರು ರೆಫರಿಯ ಸುತ್ತ ಕೈ ಎತ್ತಿ ನಿಂತಿದ್ದರು. "ಕೈ, ಕೈ," ಅಂದರು ಅಮ್ಮಚ್ಚಿ, ಮರುಪ್ರಸಾರ ನೋಡುವ ಮೊದಲೇ. ಬೆಂಗಳೂರಿನ ಚಿಂಗ್ಲೆನ್‌ಸಾನಾ ಕೈಗೆ ಚೆಂಡು ತಾಗಿತ್ತು. 72ನೇ ನಿಮಿಷ, ಜೇಸನ್ ಕಮ್ಮಿಂಗ್ಸ್, ಪೆನಾಲ್ಟಿ, 1-1. ಎಕ್ಸ್‌ಟ್ರಾ ಟೈಮ್ ಶುರುವಾಗಿ ಆರು ನಿಮಿಷಕ್ಕೆ ಜೇಮಿ ಮೆಕ್ಲಾರೆನ್ ಬಾಕ್ಸಿನೊಳಗೆ ಸಿಕ್ಕ ಚೆಂಡನ್ನು ಗೋಲ್‌ಕೀಪರ್ ಗುರುಪ್ರೀತ್ ದಾಟಿಸಿ ಒದ್ದ. 2-1. ಮುಂದಿನ ಇಪ್ಪತ್ತನಾಲ್ಕು ನಿಮಿಷವೂ ಯಾರೂ ಜಾಗ ಬಿಟ್ಟು ಕದಲಲಿಲ್ಲ. ಸಿಗ್ನಲ್ ಹೋದೀತು ಅಂತ.

ಬೆಂಗಳೂರಿಗೆ ಇದು ನಾಲ್ಕನೇ ಫೈನಲ್, ಮೂರನೇ ಸೋಲು. 2018ರಲ್ಲಿ ಸ್ವಂತ ಮೈದಾನದಲ್ಲಿ ಚೆನ್ನೈಗೆ, 2023ರಲ್ಲಿ ಪೆನಾಲ್ಟಿಯಲ್ಲಿ ಇದೇ ಬಗಾನ್‌ಗೆ. ಗೆದ್ದದ್ದು 2019ರಲ್ಲಿ ಮಾತ್ರ, ಮುಂಬೈಯಲ್ಲಿ, ರಾಹುಲ್ ಭೆಕೆ 117ನೇ ನಿಮಿಷದಲ್ಲಿ ತಲೆಯಿಂದ ಹಾಕಿದ ಗೋಲಿಗೆ. ಸೋತರೆ ಕುಣಿಯುತ್ತೇನೆ ಅಂದಿದ್ದ ಗೆಳೆಯ ಕುಣಿಯಲಿಲ್ಲ. "ಫೈನಲ್ ಸೋಲೋದು ಎಂತದ್ದು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು," ಅಂತ ಹುಡುಗನ ಹೆಗಲ ಮೇಲೆ ಕೈ ಹಾಕಿಕೊಂಡು ಮನೆಯತ್ತ ನಡೆದ. ಹುಡುಗ ಕೈ ಕೊಡವಿಕೊಂಡ. ಅದೂ ಸರಿಯೇ.

ಭಾನುವಾರ, ಏಪ್ರಿಲ್ 13

ಹುಡುಗ ಕೊಪ್ಪದವರೆಗೆ ಮಾತಾಡಲಿಲ್ಲ. ಜೆರ್ಸಿ ಬ್ಯಾಗಿನೊಳಗೆ ಹೋಗಿತ್ತು. ರಾತ್ರಿಯ ಮಳೆಗೆ ಕಾಫಿ ಗಿಡಗಳು ತೊಳೆದಿಟ್ಟ ಹಾಗಿದ್ದವು.

ಕೊಪ್ಪದ ಬಸ್ ಸ್ಟ್ಯಾಂಡ್ ಪಕ್ಕ ಚಹಾ ಕುಡಿಯುವಾಗ ಅವನ ಬಾಯಿ ತೆರೆಸಿದವರು ಅಸ್ಸಾಮಿನ ಮೂವರು ಹುಡುಗರು. ಕಾಫಿ ತೋಟಗಳ ಕೆಲಸಕ್ಕೆ ಈಗ ಅಲ್ಲಿಂದಲೇ ಜನ ಬರುತ್ತಾರೆ. ವಾರದ ರಜೆಗೆ ಪೇಟೆಗೆ ಬಂದಿದ್ದರು, ಒಬ್ಬನ ಮೈಮೇಲೆ ನಾರ್ತ್‌ಈಸ್ಟ್ ಯುನೈಟೆಡ್ ಜೆರ್ಸಿ. ನಮ್ಮವನ ಹಿಂದಿ, ಅವರ ಹಿಂದಿ ಎರಡೂ ಮುರುಕಲು. ಆದರೆ ಅಜಾರೈ ಅನ್ನುವ ಹೆಸರಿಗೆ ವ್ಯಾಕರಣ ಬೇಕಿರಲಿಲ್ಲ. ಮೊರಾಕ್ಕೊದ ಆ ಮನುಷ್ಯ ಆ ಋತುವಿನಲ್ಲಿ 23 ಗೋಲು ಹೊಡೆದಿದ್ದ. ಹಿಂದಿನ ಆಗಸ್ಟಿನಲ್ಲಿ ಇದೇ ಬಗಾನನ್ನು, ಅದೂ ಸಾಲ್ಟ್ ಲೇಕ್‌ನಲ್ಲೇ, ಪೆನಾಲ್ಟಿಯಲ್ಲಿ ಸೋಲಿಸಿ ಡ್ಯುರಾಂಡ್ ಕಪ್ ಎತ್ತಿದ್ದರು. ನಾರ್ತ್‌ಈಸ್ಟ್‌ಗೆ ಅದೇ ಮೊದಲ ಕಪ್ಪು. ಆ ರಾತ್ರಿ ತೋಟದ ಲೈನ್ ಮನೆಯಲ್ಲಿ ಒಂದೇ ಫೋನಿನಲ್ಲಿ ಹನ್ನೆರಡು ಜನ ನೋಡಿದೆವು ಅಂದ ಜೆರ್ಸಿ ಹುಡುಗ. "ರೋಲರ್ ಮೆಷಿನ್ ಇತ್ತಾ ಕೇಳು," ಅಂದರು ಚಿಕ್ಕಪ್ಪ ನನ್ನ ಕಿವಿಯಲ್ಲಿ.

ಹರಿಹರಪುರ ದಾಟಿ ಶೃಂಗೇರಿ. ದರ್ಶನ, ತುಂಗೆಯ ಮೀನಿಗೆ ಅಕ್ಕಿ, ಮಠದ ಊಟ. ಜನವೋ ಜನ, ಅದರ ಬಗ್ಗೆ ಬರೆಯುವಂಥದ್ದು ಇಲ್ಲ. ಊಟವಾಗಿ ಕಾಫಿಗೆ ನಿಂತ ಹೋಟೆಲಿನಲ್ಲಿ ಜೈಪುರದ ಪಂದ್ಯ. ಆರ್‌ಸಿಬಿ ಒಂಬತ್ತು ವಿಕೆಟ್‌ನಿಂದ ಗೆಲ್ಲುವ ಹಾದಿಯಲ್ಲಿತ್ತು. ನಿನ್ನೆ ಬೆಂಗಳೂರಿನ ಇನ್ನೊಂದು ತಂಡ ಫೈನಲ್ ಆಡಿತ್ತು ಅನ್ನುವುದು ಆ ಹೋಟೆಲಿನಲ್ಲಿ ನಮ್ಮ ಮೇಜಿನವರನ್ನು ಬಿಟ್ಟು ಇನ್ಯಾರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ಕಂಠೀರವ, ಚಿನ್ನಸ್ವಾಮಿ ಎರಡೂ ನಡೆದೇ ಹೋಗುವಷ್ಟು ಹತ್ತಿರ. ಅಭಿಮಾನದ ಲೆಕ್ಕದಲ್ಲಿ ಬೇರೆ ಬೇರೆ ರಾಜ್ಯ.

ಆಗುಂಬೆಯಲ್ಲಿ ಸೂರ್ಯಾಸ್ತ ಮೋಡದೊಳಗೇ ಮುಗಿಯಿತು.

ಸೋಮವಾರ, ಏಪ್ರಿಲ್ 14

ತೀರ್ಥಹಳ್ಳಿಯಲ್ಲಿ ಕಡುಬು ತಿಂದು ಹೊರಟವರು ಪೇಟೆ ದಾಟುವ ಮೊದಲೇ ನಿಂತೆವು. ಶಾಲೆಯ ಮೈದಾನದಲ್ಲಿ ಹತ್ತು ಹನ್ನೆರಡು ಹುಡುಗರು, ಕಲ್ಲಿನ ಗೋಲು, ಸಿಪ್ಪೆ ಸುಲಿದ ಚೆಂಡು. ನಮ್ಮವನು ಕೇಳದೆಯೇ ಇಳಿದು ಹೋದ. ಮಳೆ ಬಿದ್ದ ಜೇಡಿನಲ್ಲಿ ಯಾರ ಕಾಲೂ ನಿಲ್ಲುತ್ತಿರಲಿಲ್ಲ. ಒಬ್ಬ ಮಾತ್ರ, ಬರಿಗಾಲಿನವನು, ಹೆಬ್ಬೆರಳನ್ನು ಮಣ್ಣಿಗೆ ಊರಿ ತಿರುಗುತ್ತಿದ್ದ. ಜಾರುತ್ತಿರಲಿಲ್ಲ. ಇಬ್ಬರನ್ನು ದಾಟಿ, ಮೂರನೆಯವನಾದ ನಮ್ಮವನನ್ನೂ ಕೂರಿಸಿ, ಕಲ್ಲುಗಳ ನಡುವೆ ತಳ್ಳಿದ. ಚಿಕ್ಕಪ್ಪ ಕಾರಿನ ಬಾನೆಟ್ಟಿಗೆ ಒರಗಿ ನೋಡುತ್ತಿದ್ದವರು, "ಇವ್ನು ಎಲ್ಲಿಗೆ ಹೋಗ್ಬೇಕು?" ಅಂದರು.

ಉತ್ತರ ಕೊಡುವುದು ಕಷ್ಟ. ರಾಷ್ಟ್ರೀಯ ಮಟ್ಟಕ್ಕೆ ಕರ್ನಾಟಕದಿಂದ ಹೋದ ಈಚಿನ ಕ್ಲಬ್ಬುಗಳಲ್ಲಿ ಹೆಚ್ಚಿನವುಗಳ ಹೆಸರಿನಲ್ಲೇ ಬೆಂಗಳೂರು ಇದೆ: ಬೆಂಗಳೂರು ಎಫ್‌ಸಿ, ಎಸ್‌ಸಿ ಬೆಂಗಳೂರು, ಎಫ್‌ಸಿ ಬೆಂಗಳೂರು ಯುನೈಟೆಡ್. ಬೆಟ್ಟದ ಊರಿನ ತಂಡ ಗೆಲ್ಲಲಾರದು ಅಂತೇನಿಲ್ಲ. 2017ರಲ್ಲಿ ಮಿಜೋರಾಂನ ಐಜ್ವಾಲ್ ಐ-ಲೀಗ್ ಗೆದ್ದಿತು, ಹಿಂದಿನ ವರ್ಷ ಕೆಳಗಿನ ದರ್ಜೆಗೆ ಇಳಿದು, ಗೋವಾದ ಕ್ಲಬ್ಬುಗಳು ಹಿಂದೆ ಸರಿದದ್ದರಿಂದ ವಾಪಸ್ ಸೇರಿಸಿಕೊಂಡ ತಂಡ ಅದು. ಕೋಚ್ ಖಾಲಿದ್ ಜಮೀಲ್, ಈ ಋತುವಿನಲ್ಲಿ ಚಿಕ್ಕಪ್ಪನ ಜಮ್ಶೆಡ್‌ಪುರಕ್ಕೆ ಕೋಚ್ ಆಗಿದ್ದ ಅದೇ ಮನುಷ್ಯ. ಆದರೆ ಗೆದ್ದರೂ ಐಎಸ್‌ಎಲ್ ಬಾಗಿಲು ಆಗ ಮುಚ್ಚಿತ್ತು. ಐ-ಲೀಗ್ ಗೆದ್ದವರಿಗೆ ಮೇಲೇರುವ ಅವಕಾಶ ಸಿಕ್ಕಿದ್ದು ಪಂಜಾಬ್ ಎಫ್‌ಸಿಗೆ, 2023ರಲ್ಲಿ. ಆಮೇಲೆ ಮೊಹಮ್ಮಡನ್‌ಗೆ. ಮಿಜೋರಾಂನಲ್ಲಿ ಊರೂರಿಗೆ ತಂಡ, ಆ ತಂಡಗಳಿಗೊಂದು ಲೀಗು ಇತ್ತು. ಐಜ್ವಾಲ್ ಅದರ ಮೇಲೆ ನಿಂತು ಗೆದ್ದದ್ದು. ನಮ್ಮಲ್ಲಿ ಮಳೆಗಾಲದ ಕೆಸರುಗದ್ದೆ ಪಂದ್ಯ ಬಿಟ್ಟರೆ ಬರಿಗಾಲಿನ ಆ ಹುಡುಗನಿಗೆ ಮುಂದಿನ ಮೆಟ್ಟಿಲು ಬೆಂಗಳೂರಿನಲ್ಲೇ.

ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟುವಷ್ಟರಲ್ಲಿ ಇಬ್ಬರೂ ಮುಂದಿನ ಋತುವಿನ ಯೋಜನೆ ಹಾಕಿ ಮುಗಿಸಿದ್ದರು. ಬೆಳಗಿನ ಜಾವದ ಜನಶತಾಬ್ದಿ ಹತ್ತುವುದು, ಕಂಠೀರವದ ಪಶ್ಚಿಮ ಸ್ಟ್ಯಾಂಡಿನಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಗುಂಪಿನ ಜೊತೆ ನಿಂತು ಪಂದ್ಯ ನೋಡುವುದು, ರಾತ್ರಿ ತಾಳಗುಪ್ಪ ರೈಲಿಗೆ ವಾಪಸ್. ಸೆಪ್ಟೆಂಬರಿನಲ್ಲಿ.

ಜುಲೈನಲ್ಲಿ ಚಿಕ್ಕಪ್ಪ ಫೋನ್ ಮಾಡಿದರು. "ಎಂತದೋ ಅಗ್ರಿಮೆಂಟ್ ಮುಗೀತದಂತೆ, ರಿನ್ಯೂ ಆಗಿಲ್ವಂತೆ, ಲೀಗೇ ನಿಲ್ಲಿಸಿದಾರಂತೆ." ಫುಟ್ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವೆ 2010ರಲ್ಲಿ ಆದ ಹದಿನೈದು ವರ್ಷದ ಒಪ್ಪಂದ ಡಿಸೆಂಬರಿಗೆ ಮುಗಿಯುವುದಿತ್ತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳ ತಡೆಹಿಡಿದ ಸುದ್ದಿ ಬಂದಾಗ ಮತ್ತೆ ಫೋನ್. "ನಮ್ ಫ್ಯಾಕ್ಟರೀಲಿ ಇದಕ್ಕೆ ಲೇ-ಆಫ್ ಅಂತಿದ್ವಿ."

ಕೊನೆಗೆ ಶುರುವಾದದ್ದು 2026ರ ಫೆಬ್ರವರಿಯಲ್ಲಿ, ಹದಿನಾಲ್ಕು ತಂಡ, ಒಬ್ಬರ ಮೇಲೆ ಒಬ್ಬರು ಒಂದೇ ಸಲ ಆಡುವ ಮೊಟಕು ಲೀಗು. ಹುಡುಗನಿಗೆ ಪಿಯು ಪರೀಕ್ಷೆ ಎದುರಿಗಿದ್ದದ್ದರಿಂದ ಅಕ್ಕ ಬಿಡುವ ಮಾತೇ ಇರಲಿಲ್ಲ. ಚಿಕ್ಕಪ್ಪ ವೇಳಾಪಟ್ಟಿ ಕೈಗೆ ಬರುವ ಮೊದಲೇ ಕೇಳಿದ್ದು ಒಂದೇ: ಈ ಸಲ ಜಮ್ಶೆಡ್‌ಪುರ ಕಂಠೀರವಕ್ಕೆ ಬರುತ್ತೋ, ಇವರೇ ಅಲ್ಲಿಗೆ ಹೋಗ್ತಾರೋ?